ಹೈಸ್ಕೂಲ್ ಫುಟ್‌ಬಾಲ್ ಮುಗಿದ ಮೇಲೆ ಎಲ್ಲಿಗೆ? ಟೆಕ್ಸಾಸ್‌ನ ಒಬ್ಬ ಅಮ್ಮ ಹೋಲಿಸಿ ನೋಡಿದ ಹಾದಿಗಳು

ಕಳೆದ ಜೂನ್‌ನಲ್ಲಿ ಮಗನನ್ನು ಒಂದು ಕಾಲೇಜಿನ ಫುಟ್‌ಬಾಲ್ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದೆ. ಗೇಟಿನ ಪಕ್ಕ ಒಂದು ಮಡಚುವ ಟೇಬಲ್ಲು, ಅದರ ಹಿಂದೆ ಕಂಬಕ್ಕೆ ಅಂಟಿಸಿದ ಅಳತೆ ಪಟ್ಟಿ. ಶೂ ಬಿಚ್ಚಿಸಿ ನಿಲ್ಲಿಸಿದರು. ಆಮೇಲೆ ಅಂಗೈ ಅಗಲಿಸಿ, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿವರೆಗೆ ಅಳೆದು ಬರೆದುಕೊಂಡರು. ಶಾಲೆಯ ತಂಡದ ಪಟ್ಟಿಯಲ್ಲಿ ಅವನ ಎತ್ತರ ಆರಡಿ. ಇಲ್ಲಿ ಬಂದಿದ್ದು ಐದಡಿ ಹತ್ತೂವರೆ ಇಂಚು. ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ ನೋಡಲೂ ಇಲ್ಲ, ಮುಂದಿನ ಹುಡುಗನನ್ನು ಕರೆದರು. ಆ ಒಂದೂವರೆ ಇಂಚು ನಮ್ಮ ಮನೆಯ ಲೆಕ್ಕವನ್ನೆಲ್ಲ ಬದಲಾಯಿಸಿತು. ಅಲ್ಲಿವರೆಗೆ ನಾವು ದೊಡ್ಡ ಕಾಲೇಜುಗಳನ್ನು ಬಿಟ್ಟು ಬೇರೆ ಏನನ್ನೂ ಸರಿಯಾಗಿ ನೋಡಿರಲಿಲ್ಲ.

ನಾನು ಹೇಳುತ್ತಿರುವುದು ಅಮೆರಿಕದ ಫುಟ್‌ಬಾಲ್, ಕೈಯಲ್ಲಿ ಹಿಡಿದು ಓಡುವ ಆಟ. ನಾವಿರುವುದು ಡಲ್ಲಾಸ್‌ನ ಉತ್ತರಕ್ಕೆ. ಇಲ್ಲಿ ಶುಕ್ರವಾರ ರಾತ್ರಿ ಅಂದರೆ ಹೈಸ್ಕೂಲ್ ಪಂದ್ಯ. ಅಲೆನ್ ಊರಿನ ಹೈಸ್ಕೂಲಿನ ಸ್ಟೇಡಿಯಂ 2012ರಲ್ಲಿ ಸುಮಾರು 6 ಕೋಟಿ ಡಾಲರ್ ಖರ್ಚಿನಲ್ಲಿ ಎದ್ದಿದ್ದು, 18,000 ಜನ ಕೂರಬಹುದು. ಹೈಸ್ಕೂಲಿಗೆ! ಇಂಥ ಊರಲ್ಲಿ ಬೆಳೆಯುವ ನಮ್ಮ ಮಕ್ಕಳಿಗೂ ಆಟದ ಹುಚ್ಚು ಹಿಡಿಯುತ್ತದೆ, ಅದು ಸಹಜ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಈಗ ವರ್ಷಕ್ಕೆ ಒಬ್ಬಿಬ್ಬರಾದರೂ ನನ್ನ ಹತ್ತಿರ ಬಂದು "ನಮ್ಮವನೂ ಆಡ್ತಾನೆ, ಮುಂದೆ ಏನು ಮಾಡೋದು ಗೊತ್ತಾಗ್ತಿಲ್ಲ" ಅನ್ನುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ

ದೇಶದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಆಡುವವರು ಸುಮಾರು 10 ಲಕ್ಷ. ಅವರಲ್ಲಿ ಎನ್‌ಸಿಎಎ (ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಅಡಿಯ ಕಾಲೇಜು ತಂಡ ಸೇರುವವರು ನೂರಕ್ಕೆ ಏಳೆಂಟು ಮಂದಿ. ಮೇಲಿನ ಡಿವಿಷನ್ 1ಕ್ಕೆ ಹೋಗುವವರು ನೂರಕ್ಕೆ ಸುಮಾರು ಮೂವರು. ಎನ್‌ಎಫ್‌ಎಲ್ ಅಂದರೆ ಪ್ರೊಫೆಷನಲ್ ಲೀಗ್, ಅದರ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಅದರಲ್ಲಿ ಏಳು ಸುತ್ತು, ವರ್ಷಕ್ಕೆ ಸುಮಾರು 260 ಹೆಸರುಗಳು. ತಂಡಗಳು 32, ಪ್ರತಿ ತಂಡದಲ್ಲಿ 53 ಜನ. ಹೈಸ್ಕೂಲಿನಿಂದ ನೇರ ಹೋಗುವ ದಾರಿಯೇ ಇಲ್ಲ, ಹೈಸ್ಕೂಲ್ ಮುಗಿದು ಮೂರು ವರ್ಷ ಆಗಿರಲೇಬೇಕು. ಹಾಗಾಗಿ ಪ್ರೊಫೆಷನಲ್ ಆಗಬೇಕು ಅನ್ನುವ ಹುಡುಗನಿಗೂ, ನಾಲ್ಕು ವರ್ಷ ಆಡಿ ಡಿಗ್ರಿ ತೆಗೆದುಕೊಂಡರೆ ಸಾಕು ಅನ್ನುವ ಹುಡುಗನಿಗೂ ಬಾಗಿಲು ಒಂದೇ. ಅದು ಕಾಲೇಜು.

ಆದರೆ ಯಾವ ಕಾಲೇಜು? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜೆರ್ಸಿ ಮೇಲಿನ ಹೆಸರು ನೋಡಿ ಆರಿಸಬೇಡಿ. ಎರಡನೇ ವರ್ಷದ ಹೊತ್ತಿಗೆ ಹುಡುಗ ಮೈದಾನದಲ್ಲಿ ಇರುತ್ತಾನಾ, ಆಟ ನಾಳೆ ನಿಂತರೂ ಆ ಡಿಗ್ರಿ ಬೇಕು ಅನಿಸುತ್ತದಾ, ಇವೆರಡನ್ನು ಕೇಳಿ. ಆಡದ ಹುಡುಗನ ವಿಡಿಯೋ ಇರುವುದಿಲ್ಲ, ವಿಡಿಯೋ ಇಲ್ಲದವನನ್ನು ಎನ್‌ಎಫ್‌ಎಲ್‌ನವರು ನೋಡುವುದಿಲ್ಲ.

ದೊಡ್ಡ ಕಾಲೇಜು: ಸ್ಕಾಲರ್‌ಶಿಪ್ಪೋ, ವಾಕ್-ಆನೋ

ಡಿವಿಷನ್ 1ರ ಮೇಲಿನ ಪದರ ಎಫ್‌ಬಿಎಸ್. ಟಿವಿಯಲ್ಲಿ ಶನಿವಾರ ಬರುವವು ಇವೇ, ಸುಮಾರು 136 ತಂಡಗಳು. ತುಂಬಾ ಕಾಲ ಇಲ್ಲಿ ತಂಡಕ್ಕೆ 85 ಪೂರ್ತಿ ಸ್ಕಾಲರ್‌ಶಿಪ್ ಅನ್ನುವ ಮಿತಿ ಇತ್ತು. ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ದಾವೆಯಲ್ಲಿ ಆದ, 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ಹೌಸ್ ಒಪ್ಪಂದದ ಮೇಲೆ ಅದು ಬದಲಾಯಿತು. ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಈಗ ತಂಡದ ಗಾತ್ರಕ್ಕೇ 105ರ ಮಿತಿ, ಆ 105 ಜನರಿಗೂ ಸ್ಕಾಲರ್‌ಶಿಪ್ ಕೊಡಬಹುದು, ಜೊತೆಗೆ ಕಾಲೇಜು ಆಟಗಾರರಿಗೆ ನೇರವಾಗಿ ಹಣವನ್ನೂ ಕೊಡಬಹುದು. ಮೊದಲ ವರ್ಷಕ್ಕೆ ಎಲ್ಲ ಆಟಗಳೂ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ. ಕೇಳಲು ಚೆನ್ನಾಗಿದೆ, ಅಲ್ವಾ? ಇಂಥ ಕಡೆಯಿಂದ ಬರಹದಲ್ಲಿ ಪೂರ್ತಿ ಆಫರ್ ಬಂದು, ಹುಡುಗ ಆಡುವ ಜಾಗದಲ್ಲಿ ನಿಜವಾಗಿ ಖಾಲಿ ಇದ್ದರೆ ಜಾಸ್ತಿ ಯೋಚಿಸಬೇಡಿ, ತೆಗೆದುಕೊಳ್ಳಿ.

ತೊಂದರೆ ಇರುವುದು ಎರಡು ಕಡೆ. ಒಂದು, ಈಗ ಆಟಗಾರರು ಪ್ರತಿ ವರ್ಷ ಕಾಲೇಜು ಬದಲಾಯಿಸಿ ತಕ್ಷಣ ಆಡಬಹುದು. ಅದಕ್ಕೆ ಟ್ರಾನ್ಸ್‌ಫರ್ ಪೋರ್ಟಲ್ ಅನ್ನುತ್ತಾರೆ. ಹದಿನೆಂಟರ ಹುಡುಗನನ್ನು ಎರಡು ವರ್ಷ ತಿದ್ದಿ ತೀಡುವ ಬದಲು, ಇಪ್ಪತ್ತೊಂದರ, ಮೈ ಕಟ್ಟಿಕೊಂಡ, ಕಾಲೇಜು ಪಂದ್ಯ ಆಡಿ ಗೊತ್ತಿರುವ ಹುಡುಗನನ್ನು ಪೋರ್ಟಲ್‌ನಿಂದ ತರುವುದು ಕೋಚ್‌ಗಳಿಗೆ ಸುಲಭ. ಹೈಸ್ಕೂಲ್ ಹುಡುಗರಿಗೆ ಮೀಸಲಾಗಿದ್ದ ಜಾಗ ಕಮ್ಮಿಯಾಗಿದೆ.

ಇನ್ನೊಂದು ವಾಕ್-ಆನ್. ಅಂದರೆ ಫೀಸು ನೀವೇ ಕಟ್ಟಿ, ತಂಡದಲ್ಲಿ ಅಭ್ಯಾಸ ಮಾಡುವುದು. "ಪ್ರಿಫರ್ಡ್ ವಾಕ್-ಆನ್" ಅಂದರೆ ಆಯ್ಕೆ ಪರೀಕ್ಷೆ ಇಲ್ಲದೆ ಜಾಗ ಸಿಗುತ್ತದೆ, ಅಷ್ಟೇ. ದುಡ್ಡಿಲ್ಲ. ಇದನ್ನು ಕೋಚ್ ಬಾಯಲ್ಲಿ ಕೇಳಿದಾಗ ಆಫರ್ ಥರವೇ ಕೇಳಿಸುತ್ತದೆ, ನಮ್ಮ ಯಜಮಾನರು ಆ ಫೋನ್ ಇಟ್ಟ ಮೇಲೆ ಊರಿಗೆ ಕರೆ ಮಾಡಿ ಅವರ ಅಣ್ಣನಿಗೆ ಹೇಳಿಯೂ ಬಿಟ್ಟಿದ್ದರು. ಬೇಕರ್ ಮೇಫೀಲ್ಡ್ ಟೆಕ್ಸಾಸ್ ಟೆಕ್‌ನಲ್ಲಿ ವಾಕ್-ಆನ್, ಆಮೇಲೆ ಓಕ್ಲಹೋಮದಲ್ಲೂ ವಾಕ್-ಆನ್, 2017ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ, 2018ರ ಡ್ರಾಫ್ಟ್‌ನಲ್ಲಿ ಮೊದಲ ಹೆಸರು. ಮುಂದೆ ಎನ್‌ಎಫ್‌ಎಲ್ ತಾರೆಯಾದ ಜೆ. ಜೆ. ವಾಟ್ ಸೆಂಟ್ರಲ್ ಮಿಷಿಗನ್‌ನ ಸ್ಕಾಲರ್‌ಶಿಪ್ ಬಿಟ್ಟು ವಿಸ್ಕಾನ್ಸಿನ್‌ಗೆ ವಾಕ್-ಆನ್ ಆಗಿ ಹೋದವರು, ನಡುವೆ ಪಿಜ್ಜಾ ಡೆಲಿವರಿ ಮಾಡಿದವರು. ಕಥೆಗಳು ನಿಜ. ಆದರೆ ಅವರ ಕಾಲದಲ್ಲಿ ಎಷ್ಟೋ ತಂಡಗಳಲ್ಲಿ 120 ಹುಡುಗರು ಇರುತ್ತಿದ್ದರು. 105ರ ಮಿತಿ ಬಂದಾಗ ಮೊದಲು ಹೊರಗೆ ಬಿದ್ದವರು ವಾಕ್-ಆನ್ ಹುಡುಗರೇ. ಹೇಗೂ ಆ ಕಾಲೇಜಿಗೇ, ಆ ಫೀಸಿಗೇ ಕಳಿಸುತ್ತಿದ್ದಿರಿ ಅನ್ನುವುದಾದರೆ ಮಾತ್ರ ಇದನ್ನು ನೋಡಿ. ಹೊರರಾಜ್ಯದ ಫೀಸು ಕಟ್ಟಿ, ಸಾಲ ಮಾಡಿ ವಾಕ್-ಆನ್ ಆಗುವುದು ನನಗೆ ಸರಿ ಕಾಣಲಿಲ್ಲ.

ಎಫ್‌ಸಿಎಸ್, ಅದರೊಳಗೇ ಐವಿ ಲೀಗ್

ಡಿವಿಷನ್ 1ರ ಎರಡನೇ ಪದರ ಎಫ್‌ಸಿಎಸ್. ಇಲ್ಲಿ ಹಳೆಯ ಲೆಕ್ಕದಲ್ಲಿ 63 ಸ್ಕಾಲರ್‌ಶಿಪ್, ಅದನ್ನು ಒಡೆದು ಹಂಚಬಹುದು, ಅರ್ಧ ಒಬ್ಬನಿಗೆ, ಕಾಲು ಇನ್ನೊಬ್ಬನಿಗೆ. ಈಗಿನ ಕಾಲಕ್ಕೆ ಎನ್‌ಎಫ್‌ಎಲ್ ಕನಸಿರುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಮೆಟ್ಟಿಲಿಲ್ಲ ಅಂತ ನನಗೆ ಅನಿಸುತ್ತದೆ. ಕ್ಯಾಮ್ ವಾರ್ಡ್ ನೋಡಿ. ಟೆಕ್ಸಾಸ್‌ನ ವೆಸ್ಟ್ ಕೊಲಂಬಿಯಾ ಊರಿನ ಹುಡುಗ. ಅವರ ಹೈಸ್ಕೂಲ್ ತಂಡ ಓಟದ ಆಟವನ್ನೇ ಆಡುತ್ತಿತ್ತು, ಕ್ವಾರ್ಟರ್‌ಬ್ಯಾಕ್ ಆಗಿದ್ದೂ ಚೆಂಡು ಎಸೆಯುವ ಅವಕಾಶ ಅಪರೂಪ. ದೊಡ್ಡವರು ಯಾರೂ ಕರೆಯಲಿಲ್ಲ. ಸ್ಯಾನ್ ಆಂಟೋನಿಯೋದ ಇನ್‌ಕಾರ್ನೇಟ್ ವರ್ಡ್ ಅನ್ನುವ ಎಫ್‌ಸಿಎಸ್ ಕಾಲೇಜು ಕರೆಯಿತು. ಅಲ್ಲಿ ಮೊದಲ ವರ್ಷವೇ ಆಡಿದ, ಅಲ್ಲಿಂದ ವಾಷಿಂಗ್ಟನ್ ಸ್ಟೇಟ್, ಅಲ್ಲಿಂದ ಮಿಯಾಮಿ, 2025ರ ಡ್ರಾಫ್ಟ್‌ನಲ್ಲಿ ಮೊದಲ ಹೆಸರು. ದೊಡ್ಡ ಕಾಲೇಜಿನ ಬೆಂಚಿನಲ್ಲಿ ಎರಡು ವರ್ಷ ಕೂತಿದ್ದರೆ ಆ ಪೋರ್ಟಲ್ ಅವನಿಗೆ ಏನು ಕೊಡುತ್ತಿತ್ತು? ಮೇಲಿನಿಂದ ಕೆಳಗೆ ಬರುವವರೂ ಇದ್ದಾರೆ, ಕೆಳಗೆ ಆಡಿ ಮೇಲೆ ಹೋಗುವವರೂ ಇದ್ದಾರೆ. ಎರಡನೆಯವರ ಕೈಯಲ್ಲಿ ಪಂದ್ಯಗಳಿರುತ್ತವೆ. ಕೂಪರ್ ಕಪ್ ಅಂತೂ ನಾಲ್ಕೂ ಸೀಸನ್ ಈಸ್ಟರ್ನ್ ವಾಷಿಂಗ್ಟನ್‌ನಲ್ಲೇ ಆಡಿ 2017ರಲ್ಲಿ ಮೂರನೇ ಸುತ್ತಿನಲ್ಲಿ ಹೋದರು, ಮುಂದೆ ಸೂಪರ್ ಬೌಲ್‌ನ, ಅಂದರೆ ಎನ್‌ಎಫ್‌ಎಲ್ ಫೈನಲ್‌ನ, ಅತ್ಯುತ್ತಮ ಆಟಗಾರ ಆದರು.

ಐವಿ ಲೀಗ್‌ನ ಎಂಟು ಕಾಲೇಜುಗಳೂ ಎಫ್‌ಸಿಎಸ್. ನಮ್ಮವರಿಗೆ ಹಾರ್ವರ್ಡ್, ಪ್ರಿನ್ಸ್‌ಟನ್ ಅಂದರೆ ಕಣ್ಣು ಅರಳುತ್ತದೆ, ಆದರೆ ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. ಮನೆಯ ಆದಾಯ ನೋಡಿ ಕೊಡುವ ನೆರವು ಮಾತ್ರ. ಹಾರ್ವರ್ಡ್‌ನಲ್ಲಿ 2025-26ರಿಂದ ವರ್ಷಕ್ಕೆ 2 ಲಕ್ಷ ಡಾಲರ್‌ವರೆಗೆ ಆದಾಯ ಇರುವ ಮನೆಗಳಿಗೆ ಟ್ಯೂಷನ್ ಫೀಸು ಇಲ್ಲ. ಇಬ್ಬರೂ ಐಟಿಯಲ್ಲಿ ದುಡಿಯುವ ಮನೆಗೆ ಇದು ದಕ್ಕದೇ ಇರಬಹುದು. ಆಟ ಚೆನ್ನಾಗಿದ್ದು, ಮಾರ್ಕ್ಸೂ ನಿಜಕ್ಕೂ ಮೇಲಿದ್ದರೆ ಅಲ್ಲಿನ ಕೋಚ್‌ಗೆ ಬರೆಯಿರಿ. ಕೋಚ್ ಬೆಂಬಲ ಇದ್ದರೆ ಪ್ರವೇಶಕ್ಕೆ ಅನುಕೂಲ. ರಯಾನ್ ಫಿಟ್ಸ್‌ಪ್ಯಾಟ್ರಿಕ್ ಹಾರ್ವರ್ಡ್‌ನಿಂದ 2005ರಲ್ಲಿ ಏಳನೇ ಸುತ್ತಿನಲ್ಲಿ ಹೋಗಿ ಎನ್‌ಎಫ್‌ಎಲ್‌ನಲ್ಲಿ 17 ಸೀಸನ್ ಉಳಿದರು.

ಡಿವಿಷನ್ 2, ಡಿವಿಷನ್ 3: ನಾವು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಇಲ್ಲೇ

ನಮ್ಮ ಮಗ ಸೇಫ್ಟಿ, ಅಂದರೆ ರಕ್ಷಣೆಯ ಕೊನೇ ಸಾಲಿನಲ್ಲಿ ನಿಲ್ಲುವವನು. ಐದಡಿ ಹತ್ತೂವರೆಗೆ ಬಂದ ನಿಜವಾದ ಕರೆಗಳು ಈ ಎರಡು ಡಿವಿಷನ್‌ಗಳಿಂದ.

ಡಿವಿಷನ್ 2ರಲ್ಲಿ ತಂಡಕ್ಕೆ 36 ಸ್ಕಾಲರ್‌ಶಿಪ್‌ನಷ್ಟು ಹಣ, ಹುಡುಗರು ನೂರರ ಮೇಲೆ. ಹಾಗಾಗಿ ಹೆಚ್ಚಿನವರಿಗೆ ಸಿಗುವುದು ಒಂದು ಚೂರು. ಆಡಂ ಥೀಲನ್‌ಗೆ ಮಿನೆಸೋಟಾ ಸ್ಟೇಟ್ ಕೊಟ್ಟಿದ್ದು ಬರೀ 500 ಡಾಲರ್. ಡ್ರಾಫ್ಟ್ ಆಗದೆಯೇ ಎನ್‌ಎಫ್‌ಎಲ್‌ಗೆ ಹೋಗಿ ಪ್ರೊ ಬೌಲ್ ಅನ್ನುವ ತಾರೆಯರ ಪಂದ್ಯ ಆಡಿದರು, ಆ ಮಾತು ಬೇರೆ. ಆಟದ ಮಟ್ಟ ಗಟ್ಟಿ, ಅಭ್ಯಾಸ ಪೂರ್ತಿ ಕೆಲಸದ ಥರ, ಬಸ್ಸಿನಲ್ಲಿ ಏಳೆಂಟು ಗಂಟೆ ಪ್ರಯಾಣ. ಟೆಕ್ಸಾಸ್‌ನಲ್ಲಿ ಆಂಜೆಲೋ ಸ್ಟೇಟ್, ವೆಸ್ಟ್ ಟೆಕ್ಸಾಸ್ ಎ ಆಂಡ್ ಎಂ ಥರದವು ಇವೆ, ಫೀಸೂ ಹದವಾಗಿದೆ. ಆಫರ್ ಬಂದಾಗ ನೂರಕ್ಕೆ ಎಷ್ಟು ಅನ್ನುವುದನ್ನು ಬಿಟ್ಟು ನಾಲ್ಕು ವರ್ಷಕ್ಕೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಅಂತ ಕೇಳಿ. ಮಾರ್ಕ್ಸಿಗೆ ಕೊಡುವ ಸ್ಕಾಲರ್‌ಶಿಪ್ಪನ್ನು ಆಟದ ಹಣದ ಜೊತೆ ಸೇರಿಸಬಹುದಾ ಅಂತಲೂ ಕೇಳಿ. ನಮ್ಮ ಮಕ್ಕಳಿಗೆ ಎಷ್ಟೋ ಸಲ ಮಾರ್ಕ್ಸಿನ ಹಣವೇ ದೊಡ್ಡದಿರುತ್ತದೆ.

ಡಿವಿಷನ್ 3ರಲ್ಲಿ ಆಟಕ್ಕೆ ಒಂದು ಪೈಸೆಯೂ ಇಲ್ಲ. ಈ ಮಾತು ಕೇಳಿದ ತಕ್ಷಣ ನಮ್ಮವರು ಮುಖ ತಿರುಗಿಸುತ್ತಾರೆ. ಹಿತ್ತಲ ಗಿಡ ಮದ್ದಲ್ಲ. ಆದರೆ ಎಂಐಟಿಗೆ ಫುಟ್‌ಬಾಲ್ ತಂಡ ಇದೆ, ಅದು ಡಿವಿಷನ್ 3. ಶಿಕಾಗೋ ವಿಶ್ವವಿದ್ಯಾಲಯ, ಕಾರ್ನೆಗಿ ಮೆಲನ್, ಜಾನ್ಸ್ ಹಾಪ್‌ಕಿನ್ಸ್, ಕೇಸ್ ವೆಸ್ಟರ್ನ್, ಎಲ್ಲವೂ ಡಿವಿಷನ್ 3. ಸ್ಯಾನ್ ಆಂಟೋನಿಯೋದ ಟ್ರಿನಿಟಿಯೂ ಅಷ್ಟೇ. ಎಂಜಿನಿಯರಿಂಗ್ ಓದುತ್ತಾ ನಾಲ್ಕು ವರ್ಷ ಶನಿವಾರ ಶನಿವಾರ ಆಡಬಹುದು, ಲ್ಯಾಬ್ ಇದ್ದ ದಿನ ಅಭ್ಯಾಸಕ್ಕೆ ತಡವಾಗಿ ಹೋದರೆ ಜಾಗ ಕಳೆದುಕೊಳ್ಳುವ ಭಯ ಕಮ್ಮಿ. ಆದರೆ ಖಾಸಗಿ ಕಾಲೇಜುಗಳ ಫೀಸು ವಿಪರೀತ. ಪ್ರತಿ ಕಾಲೇಜಿನ ಜಾಲತಾಣದಲ್ಲೂ ನಿಮ್ಮ ಆದಾಯ ಹಾಕಿದರೆ ಸುಮಾರು ಖರ್ಚು ತೋರಿಸುವ ಕ್ಯಾಲ್ಕುಲೇಟರ್ ಇರುತ್ತದೆ, ಕೋಚ್ ಜೊತೆ ಎರಡನೇ ಸಲ ಮಾತಾಡುವ ಮೊದಲೇ ಅದನ್ನು ಹಾಕಿ ನೋಡಿ.

ಡಿವಿಷನ್ 3ರಿಂದ ಎನ್‌ಎಫ್‌ಎಲ್‌ಗೆ ಹೋಗುವುದು ತೀರಾ ಅಪರೂಪ. ಹೋಬರ್ಟ್ ಕಾಲೇಜಿನ ಆಲಿ ಮಾರ್ಪೆಟ್ 2015ರಲ್ಲಿ ಎರಡನೇ ಸುತ್ತಿನಲ್ಲಿ, ವಿಸ್ಕಾನ್ಸಿನ್-ವೈಟ್‌ವಾಟರ್‌ನ ಕ್ವಿನ್ ಮೈನರ್ಜ್ 2021ರಲ್ಲಿ ಮೂರನೇ ಸುತ್ತಿನಲ್ಲಿ ಹೋದರು. ಇಬ್ಬರೂ ಲೈನ್‌ಮನ್‌ಗಳು, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವವರು, 300 ಪೌಂಡ್ ಮೇಲಿನ ಆಸಾಮಿಗಳು. ಮೈ ತಡವಾಗಿ ತುಂಬಿಕೊಳ್ಳುವ ಲೈನ್‌ಮನ್‌ಗೆ ಸಣ್ಣ ಕಾಲೇಜಿನಿಂದಲೂ ದಾರಿ ಇದೆ. ಐದಡಿ ಹತ್ತಿಂಚಿನ ಸೇಫ್ಟಿಗೆ ಇದೆ ಅಂತ ನಾನು ಸುಳ್ಳು ಹೇಳುವುದಿಲ್ಲ, ಮಗನಿಗೂ ಹೇಳಲಿಲ್ಲ.

ಜೂನಿಯರ್ ಕಾಲೇಜು

ಎರಡು ವರ್ಷದ ಕಮ್ಯುನಿಟಿ ಕಾಲೇಜು. ಇದನ್ನು ಕೀಳು ಅಂತ ನೋಡಬೇಡಿ. ಆರನ್ ರಾಜರ್ಸ್ ಬ್ಯೂಟ್ ಕಾಲೇಜಿನಿಂದ, ಕ್ಯಾಮ್ ನ್ಯೂಟನ್ ನಮ್ಮದೇ ಟೆಕ್ಸಾಸ್‌ನ ಬ್ಲಿನ್‌ನಿಂದ ಎನ್‌ಎಫ್‌ಎಲ್‌ವರೆಗೆ ಬಂದವರು. ಜಾಶ್ ಅಲೆನ್‌ಗೆ ಕ್ಯಾಲಿಫೋರ್ನಿಯಾದ ಹಳ್ಳಿ ಶಾಲೆಯಿಂದ ಒಂದೂ ಡಿವಿಷನ್ 1 ಆಫರ್ ಬಂದಿರಲಿಲ್ಲ. ರೀಡ್ಲಿ ಕಾಲೇಜಿನಲ್ಲಿ ಒಂದು ವರ್ಷ ಆಡಿ, ಸಿಕ್ಕ ಸಿಕ್ಕ ಕೋಚ್‌ಗಳಿಗೆಲ್ಲ ಇಮೇಲ್ ಕಳಿಸಿ ವಯೋಮಿಂಗ್ ಸೇರಿದರು, 2018ರಲ್ಲಿ ಏಳನೆಯವರಾಗಿ ಡ್ರಾಫ್ಟ್ ಆದರು, 2024ರ ಸೀಸನ್‌ಗೆ ಇಡೀ ಎನ್‌ಎಫ್‌ಎಲ್‌ನ ಎಂವಿಪಿ, ಅಂದರೆ ಅತ್ಯಮೂಲ್ಯ ಆಟಗಾರ.

ಯಾರಿಗೆ ಒಳ್ಳೆಯದು? ಮೈ ಇನ್ನೂ ಬೆಳೆಯುತ್ತಿರುವವನಿಗೆ, ಹನ್ನೊಂದನೇ ತರಗತಿ ಪೂರ್ತಿ ಗಾಯದಿಂದ ಕೂತವನಿಗೆ, ಎನ್‌ಸಿಎಎ ಕೇಳುವ ಮಾರ್ಕ್ಸ್ ಇಲ್ಲದವನಿಗೆ. ಡಿವಿಷನ್ 1ಕ್ಕೆ 16 ಮುಖ್ಯ ವಿಷಯಗಳಲ್ಲಿ ಕನಿಷ್ಠ 2.3 ಜಿಪಿಎ ಬೇಕು, ಆ 16ರಲ್ಲಿ 10 ಕೊನೇ ವರ್ಷ ಶುರುವಾಗುವ ಮೊದಲೇ ಮುಗಿದಿರಬೇಕು. ಒಂಬತ್ತನೇ ತರಗತಿಯಿಂದಲೇ ಎಣಿಸಿಡಿ. ಮಾರ್ಕ್ಸ್ ಚೆನ್ನಾಗಿರುವ, ಎಂಜಿನಿಯರಿಂಗ್ ಬೇಕು ಅನ್ನುವ ಹುಡುಗನಿಗೆ ಮಾತ್ರ ಇದು ಸುತ್ತು ದಾರಿ, ಇಲ್ಲಿ ಓದಿದ ಎಷ್ಟೋ ವಿಷಯಗಳನ್ನು ಮುಂದಿನ ಕಾಲೇಜು ಲೆಕ್ಕಕ್ಕೆ ಹಿಡಿಯದೇ ಹೋಗಬಹುದು.

ಹೈಸ್ಕೂಲ್ ಮುಗಿದ ಮೇಲೆ ಇನ್ನೊಂದು ವರ್ಷ ಖಾಸಗಿ ಪ್ರೆಪ್ ಶಾಲೆಯಲ್ಲಿ ಕಳೆಯುವುದೂ ಒಂದು ದಾರಿ. ದುಬಾರಿ. ನಾವು ಯೋಚಿಸಲಿಲ್ಲ.

ಒದೆಯಲು ಬರುವ ಹುಡುಗರಿಗೆ

ನಮ್ಮ ಮಕ್ಕಳಲ್ಲಿ ಚಿಕ್ಕಂದಿನಿಂದ ಸಾಕರ್ ಆಡಿದವರು ಜಾಸ್ತಿ. ಅಂಥವರು ಕಿಕ್ಕರ್ ಆಗುವುದನ್ನು ಯೋಚಿಸಿ. ಗಾತ್ರ ಮುಖ್ಯ ಅಲ್ಲ, ಪೆಟ್ಟು ಕಮ್ಮಿ. ಪ್ಲೇನೋದಲ್ಲಿ ಬೆಳೆದ ಬ್ರಾಂಡನ್ ಆಬ್ರಿ ನಾಟರ್ ಡೇಮ್‌ನಲ್ಲಿ ಸಾಕರ್ ಆಡಿ, 2017ರಲ್ಲಿ ಟೊರೊಂಟೊ ಎಫ್‌ಸಿ ಸಾಕರ್ ತಂಡಕ್ಕೆ ಆಯ್ಕೆಯಾಗಿ, ಅದು ಕೈಗೂಡದೆ ಸಾಫ್ಟ್‌ವೇರ್ ಎಂಜಿನಿಯರ್ ಕೆಲಸಕ್ಕೆ ಸೇರಿದ್ದರು. ಟಿವಿಯಲ್ಲಿ ಪಂದ್ಯ ನೋಡುವಾಗ ಹೆಂಡತಿ "ಇದನ್ನು ನೀನೂ ಮಾಡಬಹುದಲ್ಲ" ಅಂದಿದ್ದಕ್ಕೆ ಅಭ್ಯಾಸ ಶುರು ಮಾಡಿ, ಯುಎಸ್‌ಎಫ್‌ಎಲ್ ಅನ್ನುವ ಸಣ್ಣ ಲೀಗ್‌ನಲ್ಲಿ ಆಡಿ, 2023ರಲ್ಲಿ ಡಲ್ಲಾಸ್ ಕೌಬಾಯ್ಸ್ ಕಿಕ್ಕರ್ ಆದರು. ಆದರೆ ಜಾಗ ತಂಡಕ್ಕೆ ಒಂದೋ ಎರಡೋ, ಹೈಸ್ಕೂಲ್‌ನಿಂದ ಹೋಗುವ ಕಿಕ್ಕರ್‌ಗಳಲ್ಲಿ ಬಹಳ ಮಂದಿ ವಾಕ್-ಆನ್ ಆಗಿಯೇ ಶುರು ಮಾಡುತ್ತಾರೆ.

ವೀಸಾ ಮನೆಗಳಿಗೆ ಒಂದು ಮಾತು

ಇದನ್ನು ಇಲ್ಲಿನ ಕೋಚ್ ನಿಮಗೆ ಹೇಳುವುದಿಲ್ಲ, ಅವರಿಗೆ ಗೊತ್ತೂ ಇರುವುದಿಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿರುವ ನಮ್ಮಲ್ಲಿ ಎಷ್ಟೋ ಮಕ್ಕಳು ಎಚ್-4, ಅಂದರೆ ಅಪ್ಪ ಅಮ್ಮನ ಕೆಲಸದ ವೀಸಾ ಆಧಾರದಲ್ಲಿ ಇರುವವರು. ಆಟದ ಸ್ಕಾಲರ್‌ಶಿಪ್ ಪಡೆಯಲು ಅದು ಅಡ್ಡಿಯಲ್ಲ. ಆದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ. 21 ತುಂಬಿದಾಗ ಎಚ್-4 ಮುಗಿಯುತ್ತದೆ, ಅಂದರೆ ಕಾಲೇಜಿನ ನಡುವೆ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಯಿಸಬೇಕಾಗಬಹುದು. ಮುಖ್ಯವಾಗಿ ಹಣ. ಆಟಗಾರ ತನ್ನ ಹೆಸರು, ಮುಖ ಬಳಸಿ ಸಂಪಾದಿಸಬಹುದು ಅಂತ 2021ರ ಜುಲೈನಿಂದ ಅವಕಾಶ ಬಂದಿದೆ, ಅದಕ್ಕೆ ಎನ್‌ಐಎಲ್ ಅನ್ನುತ್ತಾರೆ. ಎಚ್-4, ಎಫ್-1 ಹುಡುಗ ಅಂಥ ದುಡ್ಡು ತೆಗೆದುಕೊಂಡರೆ ಅದನ್ನು ಅನುಮತಿ ಇಲ್ಲದ ಕೆಲಸ ಅಂತ ನೋಡುವ ಅಪಾಯ ಇದೆ. ಎರಡು ಆಫರ್ ಹೋಲಿಸುವಾಗ ಒಂದರ ತೂಕ ಇಂಥ ಹಣದ ಮೇಲೆ ನಿಂತಿದ್ದರೆ, ಸಹಿಗೆ ಮೊದಲು ವಲಸೆ ವಕೀಲರನ್ನು ಕೇಳಿ. ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನೂ ಕೇಳಿ.

ತಲೆ ಪೆಟ್ಟು

ಸೇಫ್ಟಿಯ ಕೆಲಸವೇ ಓಡಿ ಬಂದು ಡಿಕ್ಕಿ ಹೊಡೆಯುವುದು. ಹತ್ತನೇ ತರಗತಿಯಲ್ಲಿ ಮಗನಿಗೆ ಒಮ್ಮೆ ಕನ್‌ಕಷನ್ ಆಗಿತ್ತು. ಮೂರು ದಿನ ಕೋಣೆಯ ಪರದೆ ಎಳೆದು ಮಲಗಿದ್ದ, ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಅಂದರೂ ತಲೆ ಹಿಡಿದುಕೊಳ್ಳುತ್ತಿದ್ದ. ಟೆಕ್ಸಾಸ್‌ನಲ್ಲಿ ವೈದ್ಯರ ಬರಹ ಇಲ್ಲದೆ ಮತ್ತೆ ಆಡಿಸುವಂತಿಲ್ಲ, 2011ರಿಂದ ಕಾನೂನಿದೆ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು ದಾನವಾಗಿ ಬಂದ 111 ಎನ್‌ಎಫ್‌ಎಲ್ ಆಟಗಾರರ ಮಿದುಳು ಪರೀಕ್ಷಿಸಿದಾಗ 110ರಲ್ಲಿ ಸಿಟಿಇ ಅನ್ನುವ, ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಬರುವ ಮಿದುಳಿನ ಕಾಯಿಲೆ ಕಂಡಿತು. ಅನುಮಾನ ಇದ್ದ ಮನೆಯವರೇ ಹೆಚ್ಚಾಗಿ ದಾನ ಮಾಡಿದ್ದು, ಹಾಗಾಗಿ ಎಲ್ಲರಿಗೂ ಹಾಗೇ ಅಂತಲ್ಲ, ಆದರೆ ಓದಿದ ಮೇಲೆ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಎರಡನೇ ಸಲ ಆದರೆ ಆಟ ನಿಲ್ಲುತ್ತದೆ ಅಂತ ಮನೆಯಲ್ಲಿ ಮೂವರೂ ಕೂತು ಮಾತಾಡಿಕೊಂಡೆವು. ಅದಕ್ಕೇ ಪ್ರತಿ ಕಾಲೇಜಿಗೂ ಕೇಳಿದೆವು: ವಾರಕ್ಕೆ ಎಷ್ಟು ದಿನ ಪೂರ್ತಿ ಡಿಕ್ಕಿಯ ಅಭ್ಯಾಸ? ಗಾಯ ಆದಾಗ ಆಡಬಹುದು ಅಂತ ತೀರ್ಮಾನಿಸುವವರು ಯಾರು, ಕೋಚಾ, ವೈದ್ಯರಾ? ಚಿಕಿತ್ಸೆಯ ಖರ್ಚು ಯಾರದು? ಆಟ ಬಿಟ್ಟರೆ ಸ್ಕಾಲರ್‌ಶಿಪ್ ಉಳಿಯುತ್ತದಾ? ಉತ್ತರ ಇಮೇಲ್‌ನಲ್ಲೇ ಬರಲಿ.

ಕೋಚ್ ಮಾತು ಅಳೆಯುವುದು ಹೇಗೆ

"ನಿಮ್ಮ ಮಗನನ್ನು ಕ್ಯಾಂಪಿಗೆ ಆಹ್ವಾನಿಸುತ್ತಿದ್ದೇವೆ" ಅನ್ನುವ ಇಮೇಲ್ ಕರೆಯಲ್ಲ. ಒಂದು ವಾರ ಅದೇ ಪತ್ರ ನಮ್ಮ ತಂಡದ ಒಂಬತ್ತು ಹುಡುಗರಿಗೆ ಬಂದಿತ್ತು, ಹೆಸರು ಮಾತ್ರ ಬೇರೆ. ಕೋಚ್ ಸ್ವತಃ ಫೋನ್ ಮಾಡಿ, ಹುಡುಗನ ವಿಡಿಯೋದಲ್ಲಿ ಯಾವುದೋ ಒಂದು ಆಟವನ್ನು ನೆನಪಿಟ್ಟು ಮಾತಾಡಿದರೆ ಅದು ಕರೆ. ಆಫರ್ ಅಂದರೆ "ಇವತ್ತು ಒಪ್ಪಿದರೆ ಜಾಗ ಇದೆಯಾ" ಅಂತ ನೇರ ಕೇಳಿ, ತಪ್ಪೇನಿಲ್ಲ. ಹಣ ಪಡೆದು ಆಫರ್ ಕೊಡಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ವಿಡಿಯೋ ಹಡಲ್‌ನಲ್ಲಿ (ಆಟದ ವಿಡಿಯೋ ಹಾಕುವ ಜಾಲತಾಣ) ಹಾಕಿ, ಒಳ್ಳೆಯ ಹತ್ತು ಆಟ ಮೊದಲ ಎರಡು ನಿಮಿಷದಲ್ಲಿ ಬರಲಿ, ಇಮೇಲ್ ಹುಡುಗನೇ ಬರೆಯಲಿ. ಅಪ್ಪ ಅಮ್ಮ ಬರೆದದ್ದು ಕೋಚ್‌ಗಳಿಗೆ ಗೊತ್ತಾಗುತ್ತದೆ.

ಕೊನೆಗೆ ನಮ್ಮ ಮುಂದೆ ಉಳಿದಿದ್ದು ಎರಡು. ಪಶ್ಚಿಮ ಟೆಕ್ಸಾಸ್‌ನ ಒಂದು ಡಿವಿಷನ್ 2 ಕಾಲೇಜು, ಕಾಲು ಭಾಗ ಸ್ಕಾಲರ್‌ಶಿಪ್. ಒಂದು ಡಿವಿಷನ್ 3 ಕಾಲೇಜು, ಆಟಕ್ಕೆ ಏನೂ ಇಲ್ಲ, ಮಾರ್ಕ್ಸಿಗೆ ಒಳ್ಳೆಯ ಹಣ, ಸಿವಿಲ್ ಎಂಜಿನಿಯರಿಂಗ್ ಚೆನ್ನಾಗಿದೆ. ಮಗ ಇಬ್ಬರು ಕೋಚ್‌ಗಳಿಗೂ ಒಂದೇ ಪ್ರಶ್ನೆ ಕೇಳಿದ: ನಿಮ್ಮಲ್ಲಿ ಈಗ ಎಷ್ಟು ಸೇಫ್ಟಿಗಳಿದ್ದಾರೆ, ಹೋದ ವರ್ಷ ಡಿಗ್ರಿ ಮುಗಿಸಿದವನು ಈಗ ಎಲ್ಲಿದ್ದಾನೆ? ಮೊದಲನೆಯವರು ಆರು ಮಂದಿ ಅಂದರು, ಮೂವರು ಪೋರ್ಟಲ್‌ನಿಂದ ಬಂದವರು, ಎರಡನೇ ಪ್ರಶ್ನೆಗೆ ವಿಚಾರಿಸಿ ಹೇಳುತ್ತೇನೆ ಅಂದರು. ಎರಡನೆಯವರು ನಾಲ್ಕು ಅಂದರು, ಇಬ್ಬರು ಈ ವರ್ಷ ಮುಗಿಸುತ್ತಾರೆ, ಹೋದ ವರ್ಷದವನು ಹ್ಯೂಸ್ಟನ್‌ನಲ್ಲಿ ಸೇತುವೆ ಕಟ್ಟುವ ಕಂಪನಿಯಲ್ಲಿದ್ದಾನೆ, ಬೇಕಾದರೆ ಅವನನ್ನು ಕೇಳಿಯೇ ನಂಬರ್ ಕೊಡುತ್ತೇನೆ ಅಂದರು. ಮಾರನೇ ದಿನ ನಂಬರ್ ಬಂತು.

ಮಗ ಗ್ಯಾರೇಜಿನಲ್ಲಿ ಓಡಾಡುತ್ತಾ ಆ ಹುಡುಗನ ಜೊತೆ ನಲವತ್ತು ನಿಮಿಷ ಮಾತಾಡಿದ. ಒಳಗೆ ಬಂದವನು ತಟ್ಟೆ ಎಳೆದುಕೊಂಡು, "ಅಮ್ಮ, ಅಲ್ಲಿ ಮೊದಲ ವರ್ಷದವರೂ ಕಿಕ್‌ಆಫ್ ತಂಡದಲ್ಲಿ ಆಡ್ತಾರಂತೆ" ಅಂದ. ಊಟ ಮುಗಿಸಿ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಜಿ ತೆರೆದ. ನವೆಂಬರ್ 1 ಕೊನೇ ದಿನ, ಇನ್ನೂ ಹನ್ನೊಂದು ದಿನ ಬಾಕಿ ಇತ್ತು.